ವಿಂಡೋಸ್ 11ಕ್ಕೆ ಹೋಗುವ ಮುಂಚೆ ಪ್ರಿಂಟರ್ ಕಡೆ ಒಮ್ಮೆ ನೋಡಿ

ಬಳಕೆ: ಹದಿನಾಲ್ಕು ತಿಂಗಳು. ಜಾಗ: ಮೈಸೂರಿನ ಒಂದು ಸಣ್ಣ ಡಿಟಿಪಿ ಅಂಗಡಿ, ಮೂರು ಕಂಪ್ಯೂಟರ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಮಾನಸಗಂಗೋತ್ರಿಯ ಹುಡುಗರ ಪ್ರಬಂಧ, ಇಷ್ಟೇ ಕೆಲಸ. ಎರಡು ಮಿಷನ್‌ಗೆ ವಿಂಡೋಸ್ 11 ಪ್ರೊ ಹಾಕಿದೆ, ಮೊದಲು 2024ರ ಆವೃತ್ತಿ 24ಎಚ್2, ಈಗ 2025ರ 25ಎಚ್2. ಮೂರನೆಯದು 10ರಲ್ಲೇ ಉಳಿದಿದೆ. ಯಾಕೆ ಅನ್ನುವುದು ಕೊನೆಯಲ್ಲಿ.

ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ಚಿಪ್ಪು) ಬೇಕು, ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶದಿಂದಲೇ ಮಿಷನ್ ಏಳಿಸುವ ವ್ಯವಸ್ಥೆ) ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಬೇಕು ಎಂಬ ಮೈಕ್ರೋಸಾಫ್ಟ್ ಪಟ್ಟಿಯನ್ನು ಎಲ್ಲರೂ ಓದಿರುತ್ತೀರಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದೇ ಮಾತು: ಐ3-8100 ಪಾಸು, ಐ3-7100 ಫೇಲು. ಅಡ್ಡಗೆರೆಯ ನಂತರದ ಅಂಕಿ ನೋಡಿಯೇ ದುಡ್ಡು ಎಣಿಸಿ. ಪಟ್ಟಿಯಲ್ಲಿ 4 ಜಿಬಿ ರ‍್ಯಾಮ್ ಸಾಕು ಎಂದಿದೆ. ಸಾಕಾಗುವುದಿಲ್ಲ. 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದಿದ್ದರೆ ಮುಂದೆ ಓದುವುದೇ ಬೇಡ.

ಆ ಪಟ್ಟಿಯಲ್ಲಿ ಇಲ್ಲದಿರುವುದು ಪ್ರಿಂಟರ್. ಅಪ್‌ಗ್ರೇಡ್ ಆದ ಮಿಷನ್ ಚೆನ್ನಾಗಿಯೇ ಏಳುತ್ತದೆ, ಫೈಲೆಲ್ಲ ಇದ್ದಲ್ಲೇ ಇರುತ್ತದೆ. ಪಕ್ಕದ ಮೇಜಿನ ಹಳೆ ಕಂಪ್ಯೂಟರಿನಲ್ಲಿ ಶೇರ್ ಮಾಡಿಟ್ಟ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ನಿಮ್ಮ ಸಂಸ್ಥೆಯ ಭದ್ರತಾ ನೀತಿ ತಡೆದಿದೆ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ. ಮೂರು ಜನರ ಅಂಗಡಿಯಲ್ಲಿ ಎಲ್ಲಿಯ ಸಂಸ್ಥೆ, ಎಲ್ಲಿಯ ನೀತಿ! ಆದರೆ ಕಾರಣ ಸರಿಯಾಗಿಯೇ ಇದೆ. ನಮ್ಮ ಬಹುಪಾಲು ಅಂಗಡಿಗಳಲ್ಲಿ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡಿಟ್ಟಿರುತ್ತೇವೆ. ಅಂದರೆ ಪಕ್ಕದ ಮಿಷನ್ 'ಗೆಸ್ಟ್' ಆಗಿ, ಹೆಸರು ಹೇಳದೆ ಒಳಗೆ ಬರುತ್ತಿತ್ತು. 24ಎಚ್2ರಿಂದ ಪ್ರೊ ಆವೃತ್ತಿ ನೆಟ್‌ವರ್ಕಿನ ಪ್ರತಿ ಮಾತಿಗೂ ಸಹಿ ಕೇಳುತ್ತದೆ. ಸಹಿಯ ಕೀಲಿ ಹುಟ್ಟುವುದು ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಹಾಗಾಗಿ ಬಾಗಿಲು ಬಂದ್.

ರಿಜಿಸ್ಟ್ರಿ ತಿದ್ದಿ ಗೆಸ್ಟ್‌ಗೆ ಮತ್ತೆ ಬಾಗಿಲು ತೆಗೆಯುವ ವಿಡಿಯೋಗಳು ಬೇಕಾದಷ್ಟಿವೆ. ಆ ದಾರಿ ಬೇಡ. ಹತ್ತು ನಿಮಿಷದ ನೇರ ದಾರಿ ಇದೆ. ಫೋಲ್ಡರ್ ಇರುವ ಹಳೆ ಮಿಷನ್‌ನಲ್ಲಿ ಒಂದು ಹೊಸ ಯೂಸರ್ ಮಾಡಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ 'ಅಂಗಡಿ' ಎಂದೋ ಏನೋ ಹೆಸರಿಟ್ಟು ಪಾಸ್‌ವರ್ಡ್ ಕೊಡಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಶೇರಿಂಗ್' ಮತ್ತು 'ಸೆಕ್ಯುರಿಟಿ' ಎರಡೂ ಟ್ಯಾಬ್‌ಗಳಲ್ಲಿ ಆ ಯೂಸರ್‌ಗೆ ಓದುವ, ಬರೆಯುವ ಹಕ್ಕು ಕೊಡಿ. ಒಂದರಲ್ಲಿ ಮಾತ್ರ ಕೊಟ್ಟು ಇನ್ನೊಂದನ್ನು ಮರೆತರೆ ಫೋಲ್ಡರ್ ಕಾಣುತ್ತದೆ, ಸೇವ್ ಆಗುವುದಿಲ್ಲ. ಆಮೇಲೆ ಹೊಸ ಮಿಷನ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಕ್ರೆಡೆನ್ಷಿಯಲ್ ಮ್ಯಾನೇಜರ್', ಅದರೊಳಗೆ 'ವಿಂಡೋಸ್ ಕ್ರೆಡೆನ್ಷಿಯಲ್ಸ್'. ಹಳೆ ಮಿಷನ್‌ನ ಹೆಸರು, ಆ ಯೂಸರ್, ಆ ಪಾಸ್‌ವರ್ಡ್ ಸೇರಿಸಿ. ಇಲ್ಲಿ ಎಡವುವವರು ಬಹಳ. ಬೆಳಿಗ್ಗೆ ಲಾಗಿನ್‌ಗೆ ಒತ್ತುವ ನಾಲ್ಕಂಕಿಯ ಪಿನ್ ಆ ಮಿಷನ್‌ಗೆ ಮಾತ್ರ ಸೀಮಿತ, ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ. ಅದು ಪಬ್ಲಿಕ್ ಆಗಿದ್ದಷ್ಟು ಕಾಲ ಉಳಿದದ್ದೆಲ್ಲ ಸರಿ ಇದ್ದರೂ ಪಕ್ಕದವರಿಗೆ ನಿಮ್ಮ ಮಿಷನ್ ಕಾಣುವುದಿಲ್ಲ.

ಶೇರ್ ಮಾಡಿದ ಪ್ರಿಂಟರ್ ಇನ್ನೂ ಹಠಮಾರಿ. ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕೊನೆಯಲ್ಲಿ '11ಬಿ' ಎಂದಿರುವ ಉದ್ದದ ದೋಷಸಂಖ್ಯೆ ಬರಬಹುದು. 2021ರಲ್ಲಿ ಪ್ರಿಂಟ್ ಸೇವೆಯಲ್ಲಿ ಸಿಕ್ಕ ದೊಡ್ಡ ತೂತುಗಳನ್ನು ಮುಚ್ಚಿದ ಕಾಲದ ಬಿಗಿ ಇದು. ಒಂದು ಮಿಷನ್‌ಗೆ ಅಪ್‌ಡೇಟ್ ಬಂದು ಇನ್ನೊಂದಕ್ಕೆ ಬರದಿದ್ದರೆ ಎರಡಕ್ಕೂ ಮಾತೇ ನಡೆಯುವುದಿಲ್ಲ. ಪ್ರಿಂಟರಿನ 64-ಬಿಟ್ ಡ್ರೈವರನ್ನು ಮೊದಲು ಹೊಸ ಮಿಷನ್‌ನಲ್ಲೇ ಹಾಕಿಕೊಳ್ಳಿ. ಆಮೇಲೆ ಪ್ರಿಂಟರ್ ಸೇರಿಸುವಾಗ 'ಮ್ಯಾನ್ಯುವಲ್' ಆಯ್ಕೆಗೆ ಹೋಗಿ, ಹೊಸ ಪೋರ್ಟ್ ಮಾಡಿ, ಬಗೆ 'ಲೋಕಲ್ ಪೋರ್ಟ್' ಎಂದು ಕೊಟ್ಟು, ಪೋರ್ಟಿನ ಹೆಸರಿನ ಜಾಗದಲ್ಲಿ ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್), ಹಳೆ ಮಿಷನ್ ಹೆಸರು, ಒಂದು ಹಿಂಗೆರೆ, ಪ್ರಿಂಟರಿನ ಶೇರ್ ಹೆಸರು ಬರೆಯಿರಿ. ಶೇರ್ ಹೆಸರಿನಲ್ಲಿ ಜಾಗ ಬಿಡಬೇಡಿ. ಸಾಮಾನ್ಯವಾಗಿ ಇಷ್ಟಕ್ಕೆ ಪ್ರಿಂಟ್ ಬರುತ್ತದೆ. ಪ್ರಿಂಟರಿಗೇ ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಇದ್ದರೆ ಈ ಸರ್ಕಸ್ಸೆಲ್ಲ ಯಾಕೆ, ನೇರ ರೌಟರಿಗೆ ಚುಚ್ಚಿಬಿಡಿ.

ಇನ್ನೊಂದು ಕಿರಿಕಿರಿಗೆ ಕ್ಷಮೆಯೇ ಇಲ್ಲ. 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಎಂಬುದು ಆನ್ ಆಗಿದ್ದರೆ, ಕೊನೆಗೆ ಯಾವ ಪ್ರಿಂಟರಿಗೆ ಕಳಿಸಿದಿರೋ ಅದೇ ಡಿಫಾಲ್ಟ್. ಒಂದು ಕಲರ್ ಫೋಟೋ ತೆಗೆದ ಮೇಲೆ ಎಂಬತ್ತು ಪುಟದ ಪ್ರಬಂಧವೂ ಇಂಕ್‌ಜೆಟ್ಟಿಗೇ ಹೋಗುತ್ತದೆ. ಇಂಕಿನ ಬೆಲೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಅಪ್‌ಗ್ರೇಡ್ ಆದ ಕೂಡಲೇ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ಕೆಳಗೆ ಆ ಸ್ವಿಚ್ ಆಫ್. ಅಲ್ಲೇ ಹತ್ತಿರದಲ್ಲಿ 'ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್' ಎಂದೂ ಒಂದು ಕಾಣುತ್ತದೆ. ಹೆಸರು ಒಳ್ಳೆಯದಿದೆ ಎಂದು ಒತ್ತಬೇಡಿ, ಕಂಪನಿಯ ಹಳೆ ಡ್ರೈವರ್ ಬೇಕಾದ ಪ್ರಿಂಟರುಗಳೆಲ್ಲ ಪಟ್ಟಿಯಿಂದ ಮಾಯವಾಗುತ್ತವೆ.

ಕನ್ನಡದ ವಿಷಯ. ಅಕ್ಷರ ಒಡೆಯುತ್ತದೆಯೇ ಎಂಬ ಭಯ ಬೇಡ. ಯೂನಿಕೋಡ್ ಕನ್ನಡಕ್ಕೆ 'ನಿರ್ಮಲಾ ಯುಐ' ಫಾಂಟ್ ಮೊದಲೇ ಇರುತ್ತದೆ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂರುತ್ತವೆ. ಹಳೆ ವರ್ಡ್ ಫೈಲುಗಳಲ್ಲಿ ಬಹಳಷ್ಟು 'ತುಂಗಾ'ದಲ್ಲಿರುತ್ತವೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮಿಷನ್‌ನಲ್ಲಿ ತುಂಗಾ ಇಲ್ಲದೆ ಬೇರೆ ಫಾಂಟ್ ಅದರ ಜಾಗಕ್ಕೆ ಬಂದು, ಸಾಲುಗಳು ಜಾರಿ, ಪುಟಗಳ ಲೆಕ್ಕ ತಪ್ಪುತ್ತದೆ. ಸೆಟ್ಟಿಂಗ್ಸ್‌ನ 'ಆಪ್ಷನಲ್ ಫೀಚರ್ಸ್'ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿದರೆ ತುಂಗಾ ವಾಪಸ್.

ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆ ಫಾಂಟುಗಳು) ಕೆಲಸ ಮಾಡುವವರಿಗೆ ಎರಡು ಸೂಕ್ಷ್ಮ. ಫಾಂಟ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ 'ಇನ್‌ಸ್ಟಾಲ್' ಒತ್ತಿದರೆ ಅದು ಆ ಯೂಸರ್‌ಗೆ ಮಾತ್ರ ಸೇರುತ್ತದೆ, ಹಳೆ ಪೇಜ್‌ಮೇಕರ್ ತರಹದ ತಂತ್ರಾಂಶಗಳಿಗೆ ಕಾಣದೇ ಹೋಗಬಹುದು. ಬಲ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಬೇಕು. ಎರಡನೆಯದು, ನುಡಿ ಓಡುತ್ತಿದ್ದರೂ ಒಂದು ತಂತ್ರಾಂಶದಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತಿದ್ದರೆ, ಆ ತಂತ್ರಾಂಶ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಗಿ ತೆರೆದಿದೆಯೇ ನೋಡಿ. ಕೆಳಗಿನ ಅಧಿಕಾರದ ತಂತ್ರಾಂಶ ಮೇಲಿನದಕ್ಕೆ ಕೀ ಕಳಿಸಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ಮಟ್ಟದಲ್ಲಿ ತೆರೆದರೆ ಸರಿ. ಇದು 11ರ ತಪ್ಪಲ್ಲ, ವಿಂಡೋಸ್ ವಿಸ್ತಾ ಕಾಲದಿಂದಲೂ ಹೀಗೆಯೇ. ಬೈಗುಳ ಮಾತ್ರ ಹೊಸದಕ್ಕೆ.

ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ಓಡುವ ಲಿಪಿ ತಂತ್ರಾಂಶ ಇದ್ದರೆ, ಡಾಂಗಲ್ಲಿನ ಡ್ರೈವರ್ ಮೊದಲು ನೋಡಿ. 'ವಿಂಡೋಸ್ ಸೆಕ್ಯುರಿಟಿ'ಯ 'ಕೋರ್ ಐಸೊಲೇಷನ್' ಎಂಬಲ್ಲಿರುವ 'ಮೆಮೊರಿ ಇಂಟೆಗ್ರಿಟಿ' ಆನ್ ಆಗಿದ್ದರೆ ಹಳೆ ಡ್ರೈವರ್ ಲೋಡ್ ಆಗದೇ ಇರಬಹುದು. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಆನ್ ಇರುತ್ತದೆ. ಆಫ್ ಮಾಡುವುದು ಸುಲಭ, ಆದರೆ ಹೊಸ ಡ್ರೈವರ್ ಇದೆಯೇ ಎಂದು ಮಾರಿದವರನ್ನು ಕೇಳಿದ ಮೇಲೆ. 25ಎಚ್2ರಲ್ಲಿ 'ಡಬ್ಲ್ಯೂಎಂಐಸಿ' ಎಂಬ ಹಳೆ ಕಮಾಂಡನ್ನು ತೆಗೆದಿದ್ದಾರೆ. ಮದರ್‌ಬೋರ್ಡಿನ ನಂಬರನ್ನು ಅದರಿಂದ ಓದಿ ಲೈಸೆನ್ಸ್ ಪರೀಕ್ಷಿಸುವ ಸಣ್ಣಪುಟ್ಟ ಬಿಲ್ಲಿಂಗ್ ತಂತ್ರಾಂಶಗಳು ನಿಲ್ಲುತ್ತವೆ. ಅದೊಂದು ಬಿಟ್ಟರೆ 24ರಿಂದ 25ಕ್ಕೆ ಹೋಗುವುದು ಒಂದು ರೀಸ್ಟಾರ್ಟ್‌ನ ಕೆಲಸ, ಎರಡರ ಒಳಗಿನ ಸಾಮಾನು ಒಂದೇ.

ಇಷ್ಟೆಲ್ಲ ಬೈದ ಮೇಲೂ ಆ ಎರಡು ಮಿಷನ್‌ಗಳನ್ನು 10ಕ್ಕೆ ವಾಪಸ್ ಒಯ್ಯುವ ಮನಸ್ಸಿಲ್ಲ. ಕಾರಣ ಕೇಳಿದರೆ ನಗುತ್ತೀರಿ: ನೋಟ್‌ಪ್ಯಾಡ್.

ಬೆಳಿಗ್ಗೆ ಮಿಷನ್ ಆನ್ ಮಾಡಿ ನೋಟ್‌ಪ್ಯಾಡ್ ತೆರೆದರೆ ನಿನ್ನೆ ಸಂಜೆಯ ಟ್ಯಾಬುಗಳೆಲ್ಲ ಹಾಗೆಯೇ ಕೂತಿರುತ್ತವೆ, ಸೇವ್ ಮಾಡದಿದ್ದರೂ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಲಗ್ನಪತ್ರಿಕೆಯ ಮ್ಯಾಟರ್ ಒಂದು ಟ್ಯಾಬ್, ತಿದ್ದಬೇಕಾದ ಹೆಸರುಗಳು ಇನ್ನೊಂದು, ಬಾಕಿ ಲೆಕ್ಕ ಮತ್ತೊಂದು. ಕರೆಂಟ್ ಹೋಗಿ ಯುಪಿಎಸ್ ಕೂಗಿ ಸುಮ್ಮನಾದರೂ ಬಹುಪಾಲು ಉಳಿದಿರುತ್ತದೆ, ಕೊನೆಯ ಒಂದೆರಡು ಮಾತು ಹೋದರೆ ಹೋದೀತು. ಯೂನಿಕೋಡ್ ಮ್ಯಾಟರನ್ನು ಇಲ್ಲೇ ತಿದ್ದಿ, ಪರಿವರ್ತಕಕ್ಕೆ ಹಾಕಿ ಆಸ್ಕಿ ಮಾಡಿಕೊಂಡರೆ ಪುಟವಿನ್ಯಾಸಕ್ಕೆ ಸಿದ್ಧ. ತಿರುಗಾಮುರುಗಾ ಮಾಡಬೇಡಿ: ಆಸ್ಕಿ ಪಠ್ಯವನ್ನು ನೋಟ್‌ಪ್ಯಾಡಿಗೆ ತಂದರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಅಂಟಿಸಿದ ಹಾಗೆ ಕಾಣುತ್ತದೆ. ಇತ್ತೀಚೆಗೆ ಅದಕ್ಕೂ ಎಐ ಗುಂಡಿ ಅಂಟಿಸಿದ್ದಾರೆ, ನೋಟ್‌ಪ್ಯಾಡಿನ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬಹುದು.

ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಪರದೆ ಹಂಚುವ ಚೌಕಗಳು ಬರುತ್ತವೆ. ಎಡಕ್ಕೆ ಗಿರಾಕಿಯ ಕೈಬರಹದ ಸ್ಕ್ಯಾನ್, ಬಲಕ್ಕೆ ಟೈಪಿಂಗ್. ಕತ್ತು ನೋವಿಲ್ಲದೆ ಪ್ರೂಫ್ ನೋಡಬಹುದು. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಸಾಲಾಗಿ ಸಿಗುತ್ತದೆ. 'ಸುಖಾಗಮನ ಬಯಸುವವರು' ಮುಂತಾದ ಸಾಲುಗಳನ್ನು ಪಿನ್ ಮಾಡಿಟ್ಟರೆ ಮಿಷನ್ ಆಫ್ ಆದರೂ ಹೋಗುವುದಿಲ್ಲ. (ಇದು 10ರಲ್ಲೂ ಇತ್ತು, ಒತ್ತಿ ನೋಡಿದವರು ಕಡಿಮೆ.) ಟಾಸ್ಕ್‌ಬಾರ್ ನಡುವಿನಿಂದ ಎಡಕ್ಕೆ ಸರಿಸಿ, ಕಿಟಕಿಗಳನ್ನು ಒಟ್ಟುಗೂಡಿಸುವುದನ್ನು 'ನೆವರ್' ಮಾಡಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಬಲ ಕ್ಲಿಕ್ಕಿನ ಕತ್ತರಿಸಿದ ಪಟ್ಟಿಗೆ ಶಿಫ್ಟ್ ಒತ್ತಿಕೊಂಡೇ ಬಲ ಕ್ಲಿಕ್ ಮಾಡಿ, ಹಳೆಯದು ಬರುತ್ತದೆ.

ಹೋಗುವುದೇ ಆದರೆ ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟುಕೊಂಡು ಮುಂದಿನದು. ವಿಂಡೋಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್ 5 ಜಿಬಿಗಿಂತ ದೊಡ್ಡದು, ದಿನದ ಮೊಬೈಲ್ ಡೇಟಾದಲ್ಲಿ ಮುಗಿಯುವ ಮಾತಲ್ಲ. ಒಮ್ಮೆ ಇಳಿಸಿ 8 ಜಿಬಿ ಪೆನ್‌ಡ್ರೈವ್ ಮಾಡಿದರೆ ಎರಡೂ ಮಿಷನ್‌ಗೆ ಆಯಿತು. ಎಸ್‌ಎಸ್‌ಡಿ ಇದ್ದರೂ ಒಂದು ಗಂಟೆಯ ಲೆಕ್ಕ ಇಟ್ಟುಕೊಳ್ಳಿ, 600 ವಿಎ ಯುಪಿಎಸ್ ಅಷ್ಟು ಹೊತ್ತು ಎಳೆಯುವುದಿಲ್ಲ. ಪೇಪರಿನಲ್ಲಿ ಸೆಸ್ಕ್‌ನವರ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿ ದಿನ ಆರಿಸಿ. ಡಿಸ್ಕ್ ಹಳೆಯ ಎಂಬಿಆರ್ ಮಾದರಿಯ ವಿಂಗಡಣೆಯಲ್ಲಿದ್ದರೆ 'ಎಂಬಿಆರ್2ಜಿಪಿಟಿ' ಎಂಬ ಕಮಾಂಡ್ ಫೈಲು ಅಳಿಸದೆ ಹೊಸ ಜಿಪಿಟಿ ಮಾದರಿಗೆ ಬದಲಿಸಿಕೊಡುತ್ತದೆ. ನಾಲ್ಕು ಪ್ರೈಮರಿ ಪಾರ್ಟಿಷನ್ ಇದ್ದರೆ ಒಪ್ಪುವುದಿಲ್ಲ. ಬದಲಾದ ಮೇಲೆ ಬಯಾಸ್‌ನಲ್ಲಿ (ಮಿಷನ್ ಏಳುವಾಗ ತೆರೆಯುವ ಮೂಲ ಸೆಟ್ಟಿಂಗ್) ಬೂಟ್ ಬಗೆಯನ್ನು ಯುಇಎಫ್‌ಐಗೆ ಹೊರಳಿಸಬೇಕು, ಇಲ್ಲದಿದ್ದರೆ ಮಿಷನ್ ಏಳುವುದಿಲ್ಲ. ಟಿಪಿಎಂ ಇಲ್ಲ ಎಂದು ತೋರಿಸಿದರೆ ಅದೇ ಬಯಾಸ್‌ನಲ್ಲಿ ಇಂಟೆಲ್‌ಗೆ 'ಪಿಟಿಟಿ', ಎಎಂಡಿಗೆ 'ಎಫ್‌ಟಿಪಿಎಂ' ಆನ್ ಮಾಡಿ. ಹಿಡಿಸದಿದ್ದರೆ ಹಿಂದಿರುಗಲು ಹತ್ತು ದಿನ ಗಡುವು. ಆ ಹತ್ತು ದಿನದೊಳಗೆ ಎಲ್ಲ ಪ್ರಿಂಟರ್, ಸ್ಕ್ಯಾನರ್, ಡಾಂಗಲ್ ಒಂದೊಂದು ಸಲ ಓಡಿಸಿ ನೋಡಿ. ಡಿಸ್ಕ್ ತುಂಬಿತೆಂದು ಹಳೆ ವಿಂಡೋಸ್ ಇರುವ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಅಳಿಸಿದರೆ ಹಿಂದಿರುಗುವ ದಾರಿ ಅಂದೇ ಮುಚ್ಚುತ್ತದೆ.

10ರ ಮೇಲೇ ಅಪ್‌ಗ್ರೇಡ್ ಮಾಡಿದರೆ ಹಳೆ ಲೋಕಲ್ ಅಕೌಂಟ್ ಹಾಗೆಯೇ ಉಳಿಯುತ್ತದೆ. ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ 24ಎಚ್2ರಿಂದೀಚೆಗೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಬಹುದು (ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳಬಹುದು), 48 ಅಂಕಿಯ ಕೀಲಿ ಆ ಅಕೌಂಟಿಗೆ ಹೋಗುತ್ತದೆ. ರಿಪೇರಿಯವನ ಅಥವಾ ಕೆಲಸದ ಹುಡುಗನ ಅಕೌಂಟ್ ಹಾಕಿದ್ದರೆ ಕೀಲಿ ಅವನ ಹತ್ತಿರ. ಅವನು ಕೆಲಸ ಬಿಟ್ಟ ಮೇಲೆ ಮದರ್‌ಬೋರ್ಡ್ ಬದಲಾಯಿಸಿದರೆ ಆ 48 ಅಂಕಿಗೆ ಅವನ ಮನೆ ಹುಡುಕಬೇಕು. ಅಂಗಡಿ ಹೆಸರಿನ ಅಕೌಂಟ್ ಮಾಡಿ, ಕೀಲಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಲೆಕ್ಕದ ಪುಸ್ತಕದಲ್ಲಿಡಿ.

ಇನ್ನು ಆ ಮೂರನೆಯ ಮಿಷನ್. ಅದರಲ್ಲಿರುವುದು 32-ಬಿಟ್ ವಿಂಡೋಸ್ 10, ಡಾಸ್ ಕಾಲದ ಲೆಕ್ಕದ ತಂತ್ರಾಂಶ, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಟ್ ಮ್ಯಾಟ್ರಿಕ್ಸ್. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ, 64-ಬಿಟ್ ವಿಂಡೋಸ್ 16-ಬಿಟ್ ತಂತ್ರಾಂಶವನ್ನು ಓಡಿಸುವುದೂ ಇಲ್ಲ. ಮಂಡ್ಯ ಕಡೆಯ ಸಹಕಾರ ಸಂಘವೋ ಅಕ್ಕಿ ಗಿರಣಿಯೋ, ಇಂಥದ್ದೇ ಒಂದನ್ನು ಇಟ್ಟುಕೊಂಡಿದ್ದರೆ ಅವರಿಗೂ ಇದೇ ಮಾತು. 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 'ಇಎಸ್‌ಯು' ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೇರಿ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬಿಟ್ಟಿ, ಸಿಂಕ್ ಬೇಡವೆಂದರೆ 30 ಡಾಲರ್. ಮಿಷನ್ 22ಎಚ್2ರಲ್ಲಿ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಇದೆ. ಆ ತಾರೀಖು ದಾಟಿದ ದಿನ ಅದರ ನೆಟ್ ಕೇಬಲ್ ಕಿತ್ತಿಡುವುದು, ಬಿಲ್ ಹಾಕಿಕೊಂಡಿರಲಿ.