"ವೀಸಾ ನಾವು ನೋಡ್ಕೋತೀವಿ" ಅಂದರು, ನಂಬಿ ಮೇಲಿನ ಮನೆ ಕೊಟ್ಟೆವು

ಮನೆ ಬಾಡಿಗೆಗೆ ಕೊಡುವವರು ಇದನ್ನು ಓದಿ. ಫಾರಿನ್ ಫ್ರೆಂಡ್ ಯಾರಾದರೂ "ನಾನೂ ಅಲ್ಲಿಗೇ ಬಂದು ಸಣ್ಣ ಕೆಲಸ ಮಾಡಿಕೊಂಡು ಇರ್ತೀನಿ" ಅಂತಿದ್ದರೆ ನೀವೂ ಓದಿ. ಸ್ವಲ್ಪ ಉದ್ದ ಇದೆ. 34 ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪ ರಿಟೈರ್ ಆದಮೇಲೆ ಐದು ಸಲ ಪೊಲೀಸ್ ಕಚೇರಿಗೆ ಅಲೆದ ಕತೆ ಇದು. ತಪ್ಪು ಅವರದ್ದೂ ಇದೆ, ನನ್ನದೂ ಇದೆ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಕೆಳಗೆ ಅಪ್ಪ ಅಮ್ಮ. ಮೇಲೆ ಒಂದು ರೂಮು, ಹಾಲು, ಅಡುಗೆಮನೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. 2023ರ ಮೇ ತಿಂಗಳಲ್ಲಿ ಅಪ್ಪನ ಪರಿಚಯದವರೊಬ್ಬರು ಮನೆಗೆ ಬಂದರು. ಊರಾಚೆ ಇರುವ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯವರು. "ಸಾರ್, ಪೋಲೆಂಡಿಂದ ಒಬ್ಬ ಹುಡುಗಿ ಬರ್ತಾಳೆ, ಇಂಗ್ಲಿಷ್ ಹೇಳಿಕೊಡೋಕೆ. ಒಬ್ಬಳೇ ಇರೋಳು, ನಿಮ್ಮನೆ ಅಂದ್ರೆ ಸೇಫು" ಅಂದರು. ವೀಸಾ ಗೀಸಾ ಎಲ್ಲ? ಅಪ್ಪ ಕೇಳಿದ್ದು ನಿಜ. "ಅದನ್ನೆಲ್ಲ ನಾವು ನೋಡ್ಕೋತೀವಿ ಸಾರ್. ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬರ್ತಾಳೆ, ಆಮೇಲೆ ಕನ್ವರ್ಟ್ ಮಾಡಿಸೋಣ."

ಈ ಮಾತನ್ನು ಎಲ್ಲಿ ಕೇಳಿದರೂ ಅಲ್ಲೇ ನಿಂತುಬಿಡಿ. ಟೂರಿಸ್ಟ್ ವೀಸಾ ಕೆಲಸದ ವೀಸಾ ಆಗುವುದಿಲ್ಲ. ಇಲ್ಲಿಯವರನ್ನು ಮದುವೆಯಾಗುವಂಥ ಒಂದೆರಡು ಸಂದರ್ಭ ಬಿಟ್ಟರೆ ಇಲ್ಲಿ ಕೂತು ಅದನ್ನು ಬದಲಾಯಿಸಿಕೊಳ್ಳಲು ದಾರಿಯೇ ಇಲ್ಲ. ಕೆಲಸದ ವೀಸಾ ಬೇಕಾದರೆ ವಾಪಸ್ ಹೋಗಿ ಅಲ್ಲಿಂದಲೇ ಅರ್ಜಿ ಹಾಕಬೇಕು. ಇದು ನಮಗೆ ಗೊತ್ತಾಗಿದ್ದು ನವೆಂಬರ್‌ನಲ್ಲಿ.

ಹುಡುಗಿಗೆ 23 ವರ್ಷ. ಕೆಂಪು ಕೂದಲು, ಬೆನ್ನಿಗೆ ಅವಳಿಗಿಂತ ದೊಡ್ಡ ಬ್ಯಾಗು. ಅವಳ ಊರಲ್ಲಿ ಒಂದು ಕೆಫೆಯಲ್ಲಿ ಕೆಲಸ ಮಾಡಿ ದುಡ್ಡು ಕೂಡಿಟ್ಟುಕೊಂಡು ಬಂದಿದ್ದಳು. ಶ್ರೀಮಂತರ ಮನೆಯವಳಲ್ಲ. ಅಂದಹಾಗೆ, ಇಂಗ್ಲಿಷ್ ಅವಳಿಗೂ ಎರಡನೇ ಭಾಷೆಯೇ, ನಮ್ಮ ಹಾಗೆ. ಶಾಲೆಯವರಿಗೆ ಬೇಕಾಗಿದ್ದು ಇಂಗ್ಲಿಷ್ ಅಲ್ಲ, ಮುಖ. ಅವಳು ಬಂದ ಎರಡನೇ ವಾರಕ್ಕೇ ಗೇಟಿನ ಪಕ್ಕ ಹನ್ನೆರಡು ಅಡಿ ಫ್ಲೆಕ್ಸ್ ಎದ್ದಿತು. ಅವಳ ಫೋಟೋ, ಕೆಳಗೆ "ವಿದೇಶಿ ಶಿಕ್ಷಕಿಯಿಂದ ಸ್ಪೋಕನ್ ಇಂಗ್ಲಿಷ್". ಆ ಫ್ಲೆಕ್ಸ್ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಪಾಪ ಅವಳೇ ನಮಗೆಲ್ಲ ಕಳಿಸಿದ್ದಳು.

ಸಂಬಳ ತಿಂಗಳಿಗೆ 28,000. ನಮ್ಮ ಬಾಡಿಗೆ 9,000, ಅಡ್ವಾನ್ಸ್ 50,000. ಅವಳ ಹತ್ತಿರ ಒಂದು ಚೌಕುಳಿ ಪುಸ್ತಕ ಇತ್ತು, ದಿನದ ಖರ್ಚನ್ನೆಲ್ಲ ಅದರಲ್ಲಿ ಬರೆಯುತ್ತಿದ್ದಳು. ಏಲಕ್ಕಿ ಬಾಳೆಹಣ್ಣು ಎಷ್ಟು, ಹಾಲು ಎಷ್ಟು, ಬಸ್ಸು ಎಷ್ಟು. ಬಸ್ಸಿನದ್ದೇ ಒಂದು ತಮಾಷೆ. ಆ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಹೆಂಗಸರಿಗೆಲ್ಲ ಬಸ್ಸು ಫ್ರೀ ಆಯಿತು, ಇವಳಿಗೆ ಮಾತ್ರ ಇಲ್ಲ. ಕರ್ನಾಟಕದ ವಿಳಾಸ ಇರುವ ಕಾರ್ಡ್ ತೋರಿಸಬೇಕು. ಬಸ್ಸು ತುಂಬಾ ಹೆಂಗಸರು, ಅವರಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುವವಳು ಇವಳೊಬ್ಬಳೇ. ಕಂಡಕ್ಟರ್‌ಗೇ ಬೇಜಾರಾಗಿ ಒಂದು ದಿನ "ಆಧಾರ್ ಮಾಡಿಸ್ಕೊಳಮ್ಮ" ಅಂದರಂತೆ. ಹಂಪಿಗೆ ಹೋದಾಗಲೂ ಹಾಗೇ. ನಮಗೆ 40 ರೂಪಾಯಿ ಟಿಕೆಟ್, ಅವಳಿಗೆ 600. ಪುಸ್ತಕದಲ್ಲಿ 600 ಅಂತ ಬರೆದು ಪಕ್ಕದಲ್ಲಿ ಒಂದು ಅಳುವ ಮುಖ ಬಿಡಿಸಿದ್ದಳು.

ಇಷ್ಟಾದರೂ ತಿಂಗಳ ಕೊನೆಗೆ ಅವಳ ಕೈಯಲ್ಲಿ ನಾಲ್ಕೈದು ಸಾವಿರ ಉಳಿಯುತ್ತಿತ್ತು. ಆ ಸಂಬಳದಲ್ಲಿ ಮೈಸೂರಿನಲ್ಲಿ ಒಬ್ಬರ ಜೀವನ ಆರಾಮಾಗಿ ನಡೆಯುತ್ತದೆ, ನಮ್ಮ ಎಷ್ಟೋ ಮೇಷ್ಟ್ರುಗಳ ಸಂಬಳ ಅದಕ್ಕಿಂತ ಕಡಿಮೆ. ಹಾಗಾಗಿಯೇ ನಮಗೆ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಹೊಟ್ಟೆಗೆ ಸಾಲುವ ಸಂಬಳ ವೀಸಾಕ್ಕೆ ಸಾಲುವುದಿಲ್ಲ. ವಿದೇಶಿಯರಿಗೆ ಇಲ್ಲಿ ಕೆಲಸದ ವೀಸಾ ಸಿಗಬೇಕಾದರೆ ವರ್ಷದ ಸಂಬಳ 25,000 ಡಾಲರ್ ದಾಟಬೇಕು ಅಂತ ಇತ್ತು. ಆಮೇಲೆ ಅದನ್ನು ರೂಪಾಯಿಯಲ್ಲಿ 16.25 ಲಕ್ಷ ಅಂತ ಹೇಳಿದ್ದಾರೆ. ಅಂದರೆ ತಿಂಗಳಿಗೆ 1.35 ಲಕ್ಷ ಚಿಲ್ಲರೆ. ಆ ಶಾಲೆಯ ಪ್ರಿನ್ಸಿಪಾಲರಿಗೇ ಅಷ್ಟು ಸಂಬಳ ಇರಲಿಕ್ಕಿಲ್ಲ. ಈ ನಿಯಮದಿಂದ ವಿನಾಯ್ತಿ ಇರುವ ಕೆಲವರಿದ್ದಾರೆ. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಅನುವಾದಕರು, ಭಾಷೆ ಕಲಿಸುವವರು. ಭಾಷೆ ಅಂದರೆ ಇಂಗ್ಲಿಷ್ ಬಿಟ್ಟು! ಅವಳು ಪೋಲಿಷ್ ಕಲಿಸಿದ್ದರೆ ಸಂಬಳದ ಮಿತಿ ಅಡ್ಡ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಪೋಲಿಷ್ ಕಲಿಯುವವರು ಯಾರು ಅನ್ನುವುದು ಬೇರೆ ಮಾತು.

ಈಗ ನಾವು ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ನಿಧಾನವಾಗಿ ಓದಿ, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ.

ಮೊದಲು ಸಿಮ್. ವಿದೇಶಿಯರಿಗೆ ಪಾಸ್‌ಪೋರ್ಟ್, ವೀಸಾ, ಇಲ್ಲಿನವರ ಒಂದು ರೆಫರೆನ್ಸ್ ಕೊಟ್ಟರೆ ಸಿಮ್ ಸಿಗುತ್ತದೆ. ಅಂಗಡಿಯವನು ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಮೂರು ದಿನ ಸತಾಯಿಸಿದ. ನಾಲ್ಕನೇ ದಿನ ನಾನೇ "ಅಪ್ಪಾ, ನಿಮ್ಮ ಹೆಸರಲ್ಲೇ ಒಂದು ತಗೊಂಡು ಕೊಟ್ಟುಬಿಡಿ" ಅಂದೆ. ಕೊಟ್ಟರು.

ಆಮೇಲೆ ಸಂಬಳ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಪ್ಯಾನ್ ಕೇಳಿದರು, ರೆಸಿಡೆನ್ಸ್ ಪರ್ಮಿಟ್ ಕೇಳಿದರು. ಅವಳ ಹತ್ತಿರ ಎರಡೂ ಇಲ್ಲ. ಶಾಲೆಯ ಅಕೌಂಟೆಂಟ್ ಫೋನ್ ಮಾಡಿ "ಸಾರ್, ನಿಮ್ಮ ನಂಬರಿಗೇ ಗೂಗಲ್ ಪೇ ಮಾಡ್ತೀವಿ, ಬಾಡಿಗೆ ಹಿಡ್ಕೊಂಡು ಮಿಕ್ಕಿದ್ದು ಅವರಿಗೆ ಕ್ಯಾಶ್ ಕೊಡಿ" ಅಂದ. ಅಪ್ಪ ಹೂಂ ಅಂದರು. ಪ್ರತಿ ತಿಂಗಳೂ 28,000 ಅಪ್ಪನ ಖಾತೆಗೆ ಬಂತು. ಪಕ್ಕದಲ್ಲಿ ಆ ಮಹಾನುಭಾವ ಪ್ರತಿ ಸಲವೂ ಶ್ರದ್ಧೆಯಿಂದ "ಫಾರಿನ್ ಟೀಚರ್ ಸ್ಯಾಲರಿ" ಅಂತ ಟೈಪ್ ಮಾಡಿದ್ದ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ನಾಲ್ಕು ಎಂಟ್ರಿ.

ಇನ್ನು ಆಗ ಫಾರ್ಮ್ ಸಿ ಅಂತ ಕರೆಯುತ್ತಿದ್ದದ್ದು. ವಿದೇಶಿಯರು ಯಾರೇ ನಿಮ್ಮ ಮನೆಯಲ್ಲಿ ಉಳಿದುಕೊಂಡರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಇದು ಹೋಟೆಲ್ಲಿನವರಿಗೆ ಮಾತ್ರ ಅಂತ ನಾವು ತಿಳಿದಿದ್ದೆವು. ಅಲ್ಲ, ಬಾಡಿಗೆ ಮನೆಗೂ ಇದೆ. ನೆಂಟರು ಫಾರಿನ್ ಪಾಸ್‌ಪೋರ್ಟಿನವರಾಗಿ ಬಂದು ಉಳಿದರೂ ಇದೆ. ಅಪ್ಪ ಈ ಹೆಸರನ್ನೇ ಕೇಳಿರಲಿಲ್ಲ. ಗೋಕುಲಂ ಕಡೆ ಯೋಗ ಕಲಿಯಲು ಬರುವವರಿಗೆ ಮನೆ ಕೊಡುವವರಿಗೆಲ್ಲ ಇದು ಬಾಯಿಪಾಠ. ನಮ್ಮ ಬೀದಿಯಲ್ಲಿ ಫಾರಿನರ್‌ಗೆ ಮನೆ ಕೊಟ್ಟವರು ನಾವೇ ಮೊದಲು.

ಸಿಕ್ಕಿಬಿದ್ದಿದ್ದು ಹೇಗೆ ಅಂದರೆ, ಜ್ವರದಿಂದ. ದಸರಾ ಮುಗಿಯಿತು, ಜಂಬೂಸವಾರಿ ನೋಡಿ ಬಂದಳು, ಮೂರನೇ ದಿನಕ್ಕೆ ಮೈ ಕೆಂಡ. ಡೆಂಗಿ. ಅಮ್ಮ ಪರಂಗಿ ಎಲೆ ರಸ ಕುಡಿಸಿದರು (ನನಗೆ ಅದರಲ್ಲಿ ನಂಬಿಕೆ ಇಲ್ಲ, ಅಮ್ಮನ ಎದುರು ಹೇಳುವ ಧೈರ್ಯವೂ ಇಲ್ಲ). ಪ್ಲೇಟ್‌ಲೆಟ್ ಇಳಿಯಿತು, ಅಡ್ಮಿಟ್ ಮಾಡಿದೆವು. ಆಸ್ಪತ್ರೆಯವರು ಪಾಸ್‌ಪೋರ್ಟ್ ಕಾಪಿ, ವೀಸಾ ಕಾಪಿ, ಮನೆ ವಿಳಾಸ ತಗೊಂಡರು. ವಿದೇಶಿಯರು ದಾಖಲಾದರೆ ಆಸ್ಪತ್ರೆಯವರೂ ಫಾರ್ಮ್ ಸಿ ಹಾಕಬೇಕಿತ್ತು, ಅವರು ಹಾಕಿದರು. ಐದು ತಿಂಗಳಿಂದ ಊರಲ್ಲಿದ್ದಾಳೆ, ಅದಕ್ಕೆ ಮುಂಚೆ ಎಲ್ಲೂ ಅವಳ ಹೆಸರಿಲ್ಲ. ಎರಡು ದಿನಕ್ಕೆ ಪೇದೆಯೊಬ್ಬರು ಮನೆ ಬಾಗಿಲಿಗೆ ಬಂದರು. ಸಭ್ಯವಾಗಿಯೇ ಮಾತಾಡಿದರು. ಅಮ್ಮ ಕೊಟ್ಟ ಕಾಫಿ ಕುಡಿದರು. "ಮೇಷ್ಟ್ರೇ, ಹುಡುಗಿ ಇಲ್ಲಿ ಏನ್ ಮಾಡ್ತಿದಾಳೆ?" ಅಂತ ಕೇಳಿದರು. ಅಪ್ಪನಿಗೆ ಸುಳ್ಳು ಬರುವುದಿಲ್ಲ. "ಶಾಲೇಲಿ ಪಾಠ ಮಾಡ್ತಾಳೆ" ಅಂದರು.

ಅಲ್ಲಿಂದ ಶುರು. ಕಮಿಷನರ್ ಕಚೇರಿಯ ವಿದೇಶಿಯರ ವಿಭಾಗಕ್ಕೆ ಬರಲು ಹೇಳಿದರು. ಅಗ್ರಿಮೆಂಟ್ ತನ್ನಿ ಅಂದರು, ತಂದೆವು. ಸಿಮ್ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲಿ. ಸಂಬಳ ಯಾರ ಖಾತೆಗೆ ಬಂತು? ಅಪ್ಪನ ಖಾತೆಗೆ. ಅಧಿಕಾರಿ ಪಾಸ್‌ಬುಕ್ಕಿನ ಆ ನಾಲ್ಕು ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು ಒಂದೊಂದಾಗಿ ಎಣಿಸಿದರು. "ನೀವು ಓದಿದವರು ಸಾರ್, ನೀವೇ ಹೀಗೆ ಮಾಡಿದ್ರೆ ಹೇಗೆ?" ಅಂದರು. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ. ನಾನು ರಜೆ ಹಾಕಿ ಹೋಗಿದ್ದೆ, ಬದಿಯಲ್ಲಿ ಕೂತಿದ್ದೆ. ಪಾಸ್‌ಬುಕ್ ವಾಪಸ್ ತಗೊಳ್ಳುವಾಗ ಅವರ ಕೈ ನಡುಗುತ್ತಿತ್ತು.

ಶಾಲೆಯವರು? ಅವರು "ಆಕೆ ಅತಿಥಿಯಾಗಿ ಬಂದು ಮಕ್ಕಳ ಜೊತೆ ಮಾತಾಡುತ್ತಿದ್ದರು ಅಷ್ಟೇ, ನಾವು ನೇಮಕ ಮಾಡಿಲ್ಲ" ಅಂತ ಬರೆದುಕೊಟ್ಟರು. ನೇಮಕದ ಪತ್ರ ಅಂತ ಅವಳ ಹತ್ತಿರ ಒಂದು ಚೀಟಿಯೂ ಇರಲಿಲ್ಲ, ಎಲ್ಲ ವಾಟ್ಸಾಪ್ ಮಾತು. ಫ್ಲೆಕ್ಸ್ ರಾತ್ರೋರಾತ್ರಿ ಮಾಯ. ಅವಳ ಸೆಲ್ಫಿ ಇತ್ತಲ್ಲ, ಅದನ್ನು ತೋರಿಸಿದೆವು. "ಪ್ರಚಾರಕ್ಕೆ ಹಾಕಿದ್ದು" ಅಂದರು. ಅಕ್ಟೋಬರ್ ಸಂಬಳ ಕೊಡಲೇ ಇಲ್ಲ. ಕೇಳಲು ಹೋಗುವುದಾದರೂ ಹೇಗೆ? ಕೆಲಸ ಮಾಡಿದ್ದೇನೆ ಅಂದರೆ ಅವಳೇ ತಪ್ಪು ಒಪ್ಪಿಕೊಂಡ ಹಾಗೆ. ಕಡಿಮೆ ಸಂಬಳಕ್ಕೆ ಟೂರಿಸ್ಟ್ ವೀಸಾದವರನ್ನು ಕರೆಸಿಕೊಳ್ಳುವುದರ ಗುಟ್ಟು ಇಷ್ಟೇ ಅಂತ ನನಗೆ ಆಮೇಲೆ ಹೊಳೆಯಿತು.

ಆಸ್ಪತ್ರೆ ಬಿಲ್ 58,000 ಆಯಿತು. ಅವಳು ಬರುವಾಗ ಮಾಡಿಸಿದ್ದ ಟ್ರಾವೆಲ್ ಇನ್ಶೂರೆನ್ಸ್ ಮೂರು ತಿಂಗಳಿಗೇ ಮುಗಿದಿತ್ತು. ಅಡ್ವಾನ್ಸ್ ದುಡ್ಡು ಅದಕ್ಕೆ ಹೋಯಿತು, ಮಿಕ್ಕಿದ್ದು ಅಪ್ಪ ಹಾಕಿದರು. ದೇಶ ಬಿಟ್ಟು ಹೋಗಿ ಅಂತ ಅವಳಿಗೆ ನೋಟಿಸ್ ಬಂತು. ಅವಳ ಅಮ್ಮ ಸಾಲ ಮಾಡಿ ಟಿಕೆಟ್‌ಗೆ ದುಡ್ಡು ಕಳಿಸಿದರು. ಹೊರಡುವ ದಿನ ಇನ್ನೂ ಸುಸ್ತಿತ್ತು, ಮೆಟ್ಟಿಲು ಇಳಿಯುವಾಗ ಎರಡು ಸಲ ಕೂತಳು. ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು. ಆಮೇಲೊಮ್ಮೆ ವೀಸಾಕ್ಕೆ ಅರ್ಜಿ ಹಾಕಿದ್ದಳಂತೆ, ಸಿಗಲಿಲ್ಲ. ಅಪ್ಪನ ಮೇಲೆ ಕೇಸ್ ಆಗಲಿಲ್ಲ. ಹೇಳಿಕೆ ಬರೆಸಿಕೊಂಡು, ಇನ್ನೊಮ್ಮೆ ಹೀಗಾಗಬಾರದು ಅಂತ ಸಹಿ ಹಾಕಿಸಿಕೊಂಡು ಕಳಿಸಿದರು. ಅಧಿಕಾರಿ ಒಳ್ಳೆಯವರಿದ್ದರು ಅಂತ ಬಚಾವಾದೆವು. ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡಿ.

ವಿದೇಶಿಯರ ಬಗ್ಗೆ ಆಗ ಇದ್ದದ್ದು 1946ರ ಕಾನೂನು. 2025ರ ಸೆಪ್ಟೆಂಬರ್ 1ರಿಂದ ಅದರ ಜಾಗಕ್ಕೆ ಹೊಸದು ಬಂದಿದೆ. ಮನೆಯಲ್ಲಿ ಉಳಿಸಿಕೊಂಡವರು ತಿಳಿಸಬೇಕು ಅನ್ನುವುದು ಅದರಲ್ಲೂ ಇದೆ. ವೀಸಾದ ಷರತ್ತು ಮೀರಿದರೆ ಮೂರು ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ ಹಾಕಬಹುದು.

ಮನೆ ಕೊಡುವವರು ಒಂದು ಕೆಲಸ ಮಾಡಿ. ಬಾಡಿಗೆಗೆ ಬರುವವರು ವಿಮಾನ ಹತ್ತುವ ಮುಂಚೆಯೇ ವೀಸಾ ಕಾಪಿ ತರಿಸಿಕೊಂಡು ಅದರ ಮೇಲೆ ಏನು ಬರೆದಿದೆ ಅಂತ ಕಣ್ಣಾರೆ ನೋಡಿ. ಆನ್‌ಲೈನ್‌ನಲ್ಲಿ ತಿಳಿಸಲು ಲಾಗಿನ್ ಬೇಕು, ಅದು ಒಪ್ಪಿಗೆಯಾಗಿ ಬರಲು ಎರಡು ಮೂರು ದಿನ ಹಿಡಿಯಬಹುದು, ಮೊದಲೇ ಮಾಡಿಸಿಟ್ಟುಕೊಳ್ಳಿ. ಆಮೇಲಿನದ್ದು ಅರ್ಧ ಗಂಟೆಯ ಕೆಲಸ. ನಿಮ್ಮ ಹೆಸರಿನ ಸಿಮ್ ಕೊಡಬೇಡಿ. ಬೇರೆಯವರ ಸಂಬಳ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ, ಒಂದು ತಿಂಗಳ ಮಟ್ಟಿಗೂ ಬೇಡ.

ಅಮೆರಿಕದಲ್ಲೋ ಲಂಡನ್ನಿನಲ್ಲೋ ಹುಟ್ಟಿದ ಅಣ್ಣನ ಮಗ, ಅಕ್ಕನ ಮಗಳು ಇಲ್ಲಿ ಬಂದು ಕೆಲಸ ಹುಡುಕುತ್ತೇನೆ ಅಂದರೆ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದೆಯಾ ಕೇಳಿ. ಇದ್ದರೆ ಈ ಸಂಬಳದ ಲೆಕ್ಕ ಅವರಿಗಿಲ್ಲ, ಕೆಲಸ ಮಾಡಬಹುದು. ಇಲ್ಲದಿದ್ದರೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ, ಕಾಗದದ ಮೇಲೆ ಅವರೂ ಆ ಪೋಲೆಂಡ್ ಹುಡುಗಿ ಥರವೇ.

ಆ ಸಿಮ್ ಈಗ ಅಮ್ಮನ ಫೋನಿನಲ್ಲಿದೆ. ಶಾಲೆಯವರ ಲಿಸ್ಟಿನಲ್ಲಿ ಆ ನಂಬರ್ ಹಾಗೇ ಉಳಿದುಕೊಂಡಿದೆ ಅನಿಸುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಪ್ಪದೆ ಮೆಸೇಜ್ ಬರುತ್ತದೆ: ಅಡ್ಮಿಷನ್ ಶುರುವಾಗಿದೆ, ಬೇಗ ಬನ್ನಿ, ಸ್ಪೋಕನ್ ಇಂಗ್ಲಿಷ್ ಫ್ರೀ.