ಬರೀ ತೂಕ ನೋಡಿ ಸ್ಲೈಡಿಂಗ್ ಮೈಟರ್ ಸಾ ಕೊಳ್ಳುವ ಮುಂಚೆ ಇದನ್ನು ಓದಿ

ಬೇಕಾಗಿದ್ದದ್ದು ಒಬ್ಬರೇ ಮೆಟ್ಟಿಲು ಹತ್ತಿಸಬಹುದಾದ ಮೆಷಿನ್. ಆರಿಸಿದ್ದು 216 ಮಿ.ಮೀ. ಬ್ಲೇಡಿನ, 12 ಕೆ.ಜಿ. ತೂಗುವ ಸ್ಲೈಡಿಂಗ್ ಮೈಟರ್ ಸಾ, ಅಂದರೆ ಹಲಗೆಯನ್ನು ಬೇಕಾದ ಕೋನಕ್ಕೆ (ಮೈಟರ್) ಅಡ್ಡ ಕತ್ತರಿಸುವ, ಬ್ಲೇಡಿನ ತಲೆ ರಾಡಿನ ಮೇಲೆ ಹಿಂದೆ ಮುಂದೆ ಜಾರುವ ಗರಗಸ. 300 ಮಿ.ಮೀ. ಅಗಲದ ಹಲಗೆ ಕತ್ತರಿಸುತ್ತದೆ ಎಂದು ಡಬ್ಬದ ಮೇಲಿತ್ತು, ಅದೇನೂ ಸುಳ್ಳಲ್ಲ. ಆದರೆ 280 ಮಿ.ಮೀ. ಅಗಲದ ಕಪಾಟಿನ ಹಲಗೆ ಕತ್ತರಿಸಿ ಮೂಲೆಮಟ್ಟ ಇಟ್ಟರೆ ಒಂದು ತುದಿಯಲ್ಲಿ ಬೆಳಕು ಕಾಣುತ್ತಿತ್ತು. ಸ್ಕ್ರೂ ಸಡಿಲಿಸಿ ಫೆನ್ಸ್ (ಹಲಗೆ ಒರಗಿಸುವ ಹಿಂಬದಿಯ ಪಟ್ಟಿ) ಸರಿಮಾಡಿದರೆ ಮುಂದಿನ ಹಲಗೆ ಇನ್ನೊಂದು ಕಡೆಗೆ ಓರೆ. ಗೋಡೆಯ ಬುಡಕ್ಕೆ ಹೊಡೆಯುವ ಸ್ಕರ್ಟಿಂಗ್ ಪಟ್ಟಿಯ 45 ಡಿಗ್ರಿ ಮೂಲೆಗಳಲ್ಲಿ ಒಂದು ಕೂಡಿದರೆ ಇನ್ನೊಂದು ಬಾಯಿಬಿಟ್ಟಿತು. ಪುಟ್ಟಿ ತುಂಬಿ ಮುಚ್ಚಿದ್ದೆಲ್ಲ ಪಾಲಿಶ್ ಬಿದ್ದ ಮೇಲೆ ಎದ್ದು ಕಂಡಿತು, ಪಟ್ಟಿಗಳನ್ನು ಕಿತ್ತು ಹೊಸದಾಗಿ ಕತ್ತರಿಸಬೇಕಾಯಿತು. ಮೆಷಿನ್ ಕೆಟ್ಟಿರಲಿಲ್ಲ. ಅದನ್ನು ಮಾಡಿದ್ದೇ ಹಾಗೆ.

ಹಗುರ ಮೆಷಿನ್ ನೋಡಿದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈ ತೂಕವನ್ನು ಎಲ್ಲಿಂದ ಇಳಿಸಿದ್ದಾರೆ ಎಂದು. 254 ಮಿ.ಮೀ. ಬ್ಲೇಡಿನ ಸ್ಲೈಡಿಂಗ್ ಮೆಷಿನ್‌ಗಳು ಸಾಮಾನ್ಯವಾಗಿ 20 ಕೆ.ಜಿ.ಯಿಂದ ಮೇಲಕ್ಕೆ, 305 ಮಿ.ಮೀ.ಯವು 25ರಿಂದ 30ರ ಆಸುಪಾಸು. 216 ಮಿ.ಮೀ.ಯವು 12ರಿಂದ 18 ಕೆ.ಜಿ. ಒಳಗೆ ಬರುತ್ತವೆ. ಈ ಕೊನೆಯ ಗುಂಪಿನ ಒಳಗೇ ಇರುವ 5–6 ಕೆ.ಜಿ. ವ್ಯತ್ಯಾಸ ನಮ್ಮನ್ನು ಮರುಳು ಮಾಡುವುದು. ಬ್ಲೇಡ್ ಅದೇ, ವ್ಯಾಟ್ ಹೆಚ್ಚುಕಡಿಮೆ ಅದೇ, ಕತ್ತರಿಸುವ ಅಗಲವೂ ಅದೇ. ಹಾಗಾದರೆ ಕಡಿಮೆಯಾದ ಲೋಹ ಯಾವುದು? ಮೆಷಿನ್ನಿನ ತಳಕ್ಕೆ (ಬೇಸ್) ಅಲ್ಯೂಮಿನಿಯಂ ಬದಲು ಮೆಗ್ನೀಸಿಯಂ ಎರಕ ಹಾಕಿದ್ದರೆ ಸರಿ, ಅದು ತೂಕ ಇಳಿಸುವ ಪ್ರಾಮಾಣಿಕ ದಾರಿ, ಬೆಲೆಯಲ್ಲೂ ಗೊತ್ತಾಗುತ್ತದೆ. ಬೆಲೆಯೂ ಕಡಿಮೆ ತೂಕವೂ ಕಡಿಮೆ ಎಂದಾದರೆ ರಾಡ್ ಸಪೂರ ಆಗಿರುತ್ತದೆ, ಬೇರಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಬುಶ್ (ರಾಡ್ ಜಾರುವ ಕೊಳವೆ) ಕೂತಿರುತ್ತದೆ, ಫೆನ್ಸ್ ಗಿಡ್ಡವಾಗಿರುತ್ತದೆ, ಡಿಗ್ರಿ ಗುಂಡಿ ಬೀಳುವ ಪ್ಲೇಟ್ (ಟೇಬಲ್ಲನ್ನು ನಿಗದಿತ ಕೋನದಲ್ಲಿ ನಿಲ್ಲಿಸುವ ಕಚ್ಚುಗಳಿರುವುದು) ತೆಳ್ಳಗಿನ ತಗಡಾಗಿರುತ್ತದೆ.

ರಾಡ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಡವಟ್ಟೆಲ್ಲ ಇರುವುದು ಅಲ್ಲೇ. ಮೋಟರ್, ಬ್ಲೇಡ್, ಹಿಡಿ ಎಲ್ಲ ಸೇರಿದ ತಲೆಭಾಗ ಎರಡು ರಾಡ್‌ಗಳ ಮೇಲೆ ಮುಂದೆ ಚಾಚಿಕೊಂಡು ನಿಲ್ಲುತ್ತದೆ. ರಾಡಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 20 ಮಿ.ಮೀ. ರಾಡಿಗಿಂತ 25 ಮಿ.ಮೀ.ಯದು ಸುಮಾರು 2.4 ಪಟ್ಟು ಬಿಗಿ. ಇನ್ನು ಬಾಗುವುದು ಚಾಚಿದ ಉದ್ದದ ಘನದ ಲೆಕ್ಕದಲ್ಲಿ. 150 ಮಿ.ಮೀ. ಚಾಚಿದಾಗ ಎಷ್ಟು ಬಾಗುತ್ತದೋ 300 ಮಿ.ಮೀ. ಚಾಚಿದಾಗ ಅದರ 8 ಪಟ್ಟು. ಬುಶ್ ಸಡಿಲದ್ದು ಬೇರೆ ಲೆಕ್ಕ. ಎರಡು ಬುಶ್‌ಗಳು 60 ಮಿ.ಮೀ. ಅಂತರದಲ್ಲಿದ್ದು ಅಲ್ಲಿ 0.1 ಮಿ.ಮೀ. ಸಡಿಲ ಇದ್ದರೂ ಸಾಕು, 300 ಮಿ.ಮೀ. ಆಚೆ ಅದು ಅರ್ಧ ಮಿ.ಮೀ. ಆಗಿ ಕಾಣುತ್ತದೆ. ಫೆನ್ಸ್ ಹತ್ತಿರ ಕೊಯ್ತ ಚೆನ್ನಾಗಿದ್ದು ನಮ್ಮ ಕಡೆಯ ತುದಿಯಲ್ಲಿ ಹಾಳಾಗುವುದು ಇದಕ್ಕೇ. ಅಂಗಡಿಯಲ್ಲಿ 50 ಮಿ.ಮೀ. ರೀಪು ಕತ್ತರಿಸಿ ತೋರಿಸಿದರೆ ಈ ದೋಷ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಕೊಯ್ತ ಓರೆ ಬಂದಾಗ ಎಲ್ಲರೂ ಫೆನ್ಸ್ ಸ್ಕ್ರೂಗೆ ಕೈ ಹಾಕುತ್ತಾರೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. 250–280 ಮಿ.ಮೀ. ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ತೆಗೆದುಕೊಳ್ಳಿ, ಅದರ ಎರಡು ಅಂಚೂ ನೇರವಾಗಿ, ಒಂದಕ್ಕೊಂದು ಸಮಾಂತರವಾಗಿ ಇರಬೇಕು. ನಡುವೆ ಕತ್ತರಿಸಿ, ಒಂದು ಭಾಗವನ್ನು ಮಗುಚಿ ಹಾಕಿ, ಎರಡನ್ನೂ ಒಂದೇ ನೇರಪಟ್ಟಿಗೆ ಒತ್ತಿ ಕೊಯ್ದ ಅಂಚುಗಳನ್ನು ಕೂಡಿಸಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. 0.2 ಡಿಗ್ರಿ ತಪ್ಪಿದ್ದರೆ 300 ಮಿ.ಮೀ. ಅಗಲಕ್ಕೆ 1 ಮಿ.ಮೀ. ಓರೆ, ಮಗುಚಿದಾಗ 2 ಮಿ.ಮೀ. ಸಂದು. ಇದನ್ನೇ ನಾಲ್ಕೈದು ಸಲ ಮಾಡಿ, ಪ್ರತಿ ಸಲ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಹಾಕಿ ಅಳೆಯಿರಿ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಯ ತಪ್ಪು ಬಂದರೆ ಅದು ಹೊಂದಿಸಿದ್ದರಲ್ಲಿನ ತಪ್ಪು, ಸ್ಕ್ರೂ ತಿರುಗಿಸಿದರೆ ಹೋಗುತ್ತದೆ. ಒಮ್ಮೆ ಹೀಗೆ ಒಮ್ಮೆ ಹಾಗೆ ಬಂದರೆ ಅದು ಸಡಿಲ, ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ. ಮೇಲೆ ಹೇಳಿದ ಮೆಷಿನ್ನಿನದು ಎರಡನೆಯ ಜಾತಿ.

ಕೆಲವು ಮೆಷಿನ್‌ಗಳಲ್ಲಿ ರಾಡ್ ಹಿಡಿದಿರುವ ಎರಕದ ಮಗ್ಗುಲಲ್ಲಿ ಬುಶ್ ಬಿಗಿ ಮಾಡುವ ಸಣ್ಣ ಸೆಟ್ ಸ್ಕ್ರೂ ಇರುತ್ತದೆ. ಬಿಗಿ ಮಾಡಿದರೆ ಸಡಿಲ ಕಡಿಮೆಯಾಗುತ್ತದೆ ನಿಜ, ಆದರೆ ತಲೆ ಸರಾಗವಾಗಿ ಜಾರುವುದಿಲ್ಲ. ಜಾರದ ತಲೆಯನ್ನು ಕೈ ಒತ್ತಿ ತಳ್ಳುತ್ತದೆ, ಒತ್ತಿದ ಕೈ ಪಕ್ಕಕ್ಕೂ ಒತ್ತುತ್ತದೆ, ಓರೆ ಮತ್ತೆ ಹಾಜರ್. ಕಾಲು ಸುತ್ತಿನಷ್ಟೇ ತಿರುಗಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಪ್ಲಗ್ ಕಿತ್ತಿಡಿ. ತಲೆಯನ್ನು ಪೂರ್ತಿ ಮುಂದೆ ಎಳೆದು, ಕೆಳಗಿಳಿಸಿ, ಹಿಡಿಯನ್ನು ಎರಡು ಬೆರಳಿಂದ ಎಡಕ್ಕೆ ಬಲಕ್ಕೆ ದೂಡಿ. ಬ್ಲೇಡಿನ ಅಂಚು ಟೇಬಲ್ಲಿನ ಸೀಳಿಗೆ ಹೋಲಿಸಿದರೆ ಎಷ್ಟು ಸರಿಯುತ್ತದೆ ನೋಡಿ. ಒಂದಿಷ್ಟು ಎಲ್ಲ ಮೆಷಿನ್ನಿನಲ್ಲೂ ಸರಿಯುತ್ತದೆ. ಅರ್ಧ ಮಿ.ಮೀ. ಆಸುಪಾಸು, ಅಂದರೆ ಕಣ್ಣಿಗೆ ಸ್ಪಷ್ಟ ಕಾಣುವಷ್ಟು ಸರಿದರೆ ನಮ್ಮ ಮಟ್ಟಿಗೆ ಅದು ಫಿನಿಶಿಂಗ್ ಕೆಲಸದ ಮೆಷಿನ್ ಅಲ್ಲ. ಈಗ ತಲೆಯನ್ನು ಪೂರ್ತಿ ಹಿಂದೆ ದೂಡಿ ಅದೇ ಪರೀಕ್ಷೆ ಮಾಡಿ. ಹಿಂದೆಯೂ ಅಷ್ಟೇ ಅಲುಗಿದರೆ ಸಡಿಲ ಇರುವುದು ರಾಡಿನಲ್ಲಲ್ಲ, ತಲೆ ಏರಿಳಿಯುವ ಕೀಲಿನಲ್ಲಿ ಅಥವಾ ತಲೆಯನ್ನು ಪಕ್ಕಕ್ಕೆ ವಾಲಿಸುವ ಬೆವೆಲ್ ಜೋಡಣೆಯಲ್ಲಿ. ಆಮೇಲೆ ಒಂದು ಉದ್ದದ ಸ್ಟೀಲ್ ಸ್ಕೇಲನ್ನು ಎಡ ಬಲ ಎರಡೂ ಫೆನ್ಸಿಗೆ ತಾಗಿಸಿ ಹಿಡಿಯಿರಿ. ಎರಡೂ ಒಂದೇ ನೇರದಲ್ಲಿಲ್ಲದಿದ್ದರೆ, ಫೆನ್ಸ್ ಒಂದೇ ಎರಕದ್ದಾಗಿದ್ದರೆ, ಅದನ್ನು ಸರಿಮಾಡುವ ದಾರಿಯೇ ಇಲ್ಲ. 45ರ ಗುಂಡಿಗೆ ಬೀಳಿಸಿ ಲಾಕ್ ಮಾಡದೆ ಟೇಬಲ್ ಅಲುಗಿಸಿ ನೋಡುವುದನ್ನೂ ಮರೆಯಬೇಡಿ. ಲೇಸರ್ ಗೆರೆ ಎಷ್ಟು ಹೊಳೆಯುತ್ತದೆ ಎಂದು ಅಂಗಡಿಯವರು ತೋರಿಸುತ್ತಲೇ ಇರುತ್ತಾರೆ, ಅದಕ್ಕೆ ಬೆಲೆ ಕೊಡಬೇಡಿ. ಗಾಡಿಯಲ್ಲಿ ಕುಲುಕಿದರೆ ಲೇಸರ್ ಸರಿಯುತ್ತದೆ. ಬ್ಲೇಡಿನ ನೆರಳು ಬೀಳಿಸುವ ಎಲ್‌ಇಡಿ ದೀಪಕ್ಕೆ ಹೊಂದಿಸುವ ಗೋಜೇ ಇಲ್ಲ.

ಡಬ್ಬದ ಮೇಲಿನ ಅಗಲದ ಅಂಕಿ 90 ಡಿಗ್ರಿಯದು. 45 ಡಿಗ್ರಿಗೆ ತಿರುಗಿಸಿದರೆ 300 ಮಿ.ಮೀ. ಎನ್ನುವುದು 210 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಎತ್ತರ ಇನ್ನೂ ಮುಖ್ಯ. 216 ಮಿ.ಮೀ. ಬ್ಲೇಡಿಗೆ ನೇರ ಕೊಯ್ತದಲ್ಲಿ ಸಿಗುವುದು 60ರಿಂದ 70 ಮಿ.ಮೀ., ಬೆವೆಲ್ ವಾಲಿಸಿದರೆ ಇನ್ನೂ ಕಡಿಮೆ. 100 ಮಿ.ಮೀ. ಸ್ಕರ್ಟಿಂಗನ್ನು ಫೆನ್ಸಿಗೆ ಒರಗಿಸಿ ನಿಲ್ಲಿಸಿ ಕತ್ತರಿಸಲು ಆಗುವುದಿಲ್ಲ, ಮಲಗಿಸಿ ಬೆವೆಲ್ ಹಾಕಬೇಕು. ಅಂದರೆ ಮೈಟರ್ ಕೋನಕ್ಕಿಂತ ಬೆವೆಲ್ ಕೋನದ ನಿಖರತೆ ನಿಮ್ಮ ಕೆಲಸವನ್ನು ತೀರ್ಮಾನಿಸುತ್ತದೆ, ಹಗುರ ಮೆಷಿನ್‌ಗಳ ಬೆವೆಲ್ ಸ್ಕೇಲೋ ಬೆರಳುಗಾತ್ರದ ಸ್ಟಿಕ್ಕರ್. ಇದರ ಜೊತೆಗೆ ರಾಡ್ ಹಿಂದಕ್ಕೆ ಚಾಚುವ ಮಾದರಿಯಾದರೆ ಗೋಡೆಯಿಂದ ಮೆಷಿನ್ನಿಗೆ 300 ಮಿ.ಮೀ.ಗೂ ಹೆಚ್ಚು ಜಾಗ ಬಿಡಬೇಕು. ಸಣ್ಣ ಕೋಣೆಯಲ್ಲಿ ಇದೇ ದೊಡ್ಡ ತಲೆನೋವು. ರಾಡ್ ಹಿಂದೆ ಸರಿಯದೆ ತಲೆ ಮಾತ್ರ ರಾಡಿನ ಮೇಲೆ ಓಡುವ ಮಾದರಿಗಳಿವೆ, ಅವು ಗೋಡೆಗೆ ತಾಗಿಕೊಂಡೇ ಕೆಲಸ ಮಾಡುತ್ತವೆ.

ಓರೆ ಕೊಯ್ತಕ್ಕಿಂತ ಗಂಭೀರವಾದ ವಿಷಯ ಬೇರೆ ಇದೆ. ಹಗುರ ಬೇಸಿನ ಮೆಷಿನ್ ತಲೆ ಮುಂದೆ ಎಳೆದಾಗ ಮೂಗು ಮುಗ್ಗರಿಸುತ್ತದೆ, ತಲೆ ಹಿಂದೆ ಹೋಗಿ ಮೇಲೆದ್ದಾಗ ಹಿಂದಕ್ಕೆ ವಾಲುತ್ತದೆ. ನೆಲದ ಮೇಲೆ ಹಾಗೇ ಇಟ್ಟು ಕೆಲಸ ಮಾಡುವಂತೆಯೇ ಇಲ್ಲ. 18 ಮಿ.ಮೀ. ಪ್ಲೈವುಡ್ ತುಂಡಿಗೆ ಬೇಸಿನ ನಾಲ್ಕೂ ತೂತುಗಳಲ್ಲಿ ಬೋಲ್ಟ್ ಹಾಕಿ ಕೂರಿಸಿ, ಆ ಪ್ಲೈವುಡ್ಡನ್ನು ಮರಗೆಲಸದ ಕುದುರೆಗೋ (ಕಾಲಿರುವ ಸ್ಟ್ಯಾಂಡ್) ಬೆಂಚಿಗೋ ಕ್ಲ್ಯಾಂಪ್ ಮಾಡಿ. ಹೀಗೆ ಮಾಡಿದಾಗ ಪ್ಲೈವುಡ್ಡಿನದು, ಸ್ಟ್ಯಾಂಡಿನದು ಸೇರಿ ಹೊರುವ ತೂಕ ಎಷ್ಟಾಯಿತು ಎಂದು ಲೆಕ್ಕ ಹಾಕಿ ನೋಡಿ. ಉಳಿಸಿದ ಐದಾರು ಕೆ.ಜಿ. ಅಲ್ಲೇ ಕರಗಿಹೋಗಿರುತ್ತದೆ.

ಸ್ಲೈಡಿಂಗ್ ಮೆಷಿನ್ನಿನಲ್ಲಿ ಕೊಯ್ತ ನಮ್ಮಿಂದ ಫೆನ್ಸಿನ ಕಡೆಗೆ ಹೋಗಬೇಕು. ತಲೆ ಮೇಲೆ ಇರುವಾಗಲೇ ಮುಂದೆ ಎಳೆದುಕೊಳ್ಳಿ, ಸ್ವಿಚ್ ಒತ್ತಿ ಪೂರ್ತಿ ವೇಗ ಬರಲು ಬಿಡಿ, ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ತಳ್ಳಿ. ಮುಗಿದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ನಿಂತ ಮೇಲಷ್ಟೇ ತಲೆ ಎತ್ತಿ. ಇದನ್ನು ತಿರುಗಾಮುರುಗಾ ಮಾಡಿ, ಬ್ಲೇಡ್ ಮರದೊಳಗೆ ಇರುವಾಗ ನಮ್ಮ ಕಡೆಗೆ ಎಳೆದರೆ ಹಲ್ಲುಗಳು ಮರದ ಮೇಲೆ ಹತ್ತುತ್ತವೆ, ತಲೆ ಒಮ್ಮೆಲೇ ನಮ್ಮತ್ತ ನುಗ್ಗುತ್ತದೆ. ಭಾರದ ಮೆಷಿನ್ನಿನಲ್ಲಿ ಇದು ಜರ್ಕ್ ಕೊಟ್ಟು ಎಚ್ಚರಿಸೀತು, ಹಗುರದ್ದರಲ್ಲಿ ಮೆಷಿನ್ನೇ ಜಾಗ ಬಿಟ್ಟು ಬರುತ್ತದೆ. ಕೈ ಬ್ಲೇಡಿನಿಂದ ಕನಿಷ್ಠ 150 ಮಿ.ಮೀ. ದೂರವಿರಲಿ, ಒಂದು ಕೈ ಇನ್ನೊಂದನ್ನು ಅಡ್ಡ ದಾಟಬಾರದು. ಬಾಗಿದ ಪಟ್ಟಿಯಾದರೆ ಉಬ್ಬಿದ ಬದಿ ಫೆನ್ಸಿಗೆ ತಾಗಲಿ. ತಗ್ಗಿನ ಬದಿ ಫೆನ್ಸಿಗೆ ಹೋದರೆ ಕೊಯ್ದಂತೆಲ್ಲ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿಹಿಡಿಯುತ್ತದೆ. ಅಗ್ಗದ ಮೆಷಿನ್ನಿನಲ್ಲಿ ಬ್ಲೇಡನ್ನು ಮುಚ್ಚುವ ಕೆಳಗಾರ್ಡ್ ಪ್ಲಾಸ್ಟಿಕ್ಕಿನದು, ಎಂಡಿಎಫ್ ಹೊಟ್ಟು ಮೆತ್ತಿಕೊಂಡು ಅಂಟುತ್ತದೆ. ಒರೆಸಿ ಸರಿಮಾಡುವ ಬದಲು ಅದನ್ನು ತಂತಿ ಕಟ್ಟಿ ಮೇಲೆತ್ತಿ ಇಟ್ಟವರನ್ನು ಸೈಟುಗಳಲ್ಲಿ ನೋಡಬಹುದು. ಅಂಥ ಮೆಷಿನ್ನನ್ನು ಮುಟ್ಟಬೇಡಿ.

ಬ್ಲೇಡ್ ಬಗ್ಗೆ ಎರಡು ಮಾತು. ಜೊತೆಗೆ ಬರುವುದು ಬಹುಪಾಲು 24 ಹಲ್ಲಿನದು, ಒರಟು ಕೆಲಸಕ್ಕೆ ಸರಿ. ಫಿನಿಶಿಂಗಿಗೆ 48ರಿಂದ 60 ಹಲ್ಲು ಬೇಕು, ಹುಕ್ ಆ್ಯಂಗಲ್ (ಹಲ್ಲು ಮುಂದಕ್ಕೆ ವಾಲಿರುವ ಕೋನ) ಮೈನಸ್ 5 ಡಿಗ್ರಿ ಇರಲಿ. ಉದ್ದುದ್ದ ಸೀಳಲು ಮಾಡಿದ 15–20 ಡಿಗ್ರಿ ಹುಕ್ಕಿನ ಬ್ಲೇಡನ್ನು ಸ್ಲೈಡಿಂಗ್ ಮೆಷಿನ್ನಿಗೆ ಹಾಕಿದರೆ ಮರವನ್ನು ಎಳೆದುಕೊಳ್ಳುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮೆಷಿನ್ನಿನದಕ್ಕಿಂತ ಕಡಿಮೆ ಇರಲೇಬಾರದು, ನಡುವಿನ ತೂತೂ ಹೊಂದಬೇಕು. 216 ಮಿ.ಮೀ. ಬ್ಲೇಡಿಗೆ ಅದು ಸಾಮಾನ್ಯವಾಗಿ 30 ಮಿ.ಮೀ. ಮೊಂಡಾದ ತೆಳು ಬ್ಲೇಡ್ ಅಗಲ ಹಲಗೆಯಲ್ಲಿ ತಾನೇ ಬಾಗುತ್ತದೆ, ಆದ್ದರಿಂದ ಎಂಡಿಎಫ್ ಮಗುಚಿ ನೋಡುವ ಪರೀಕ್ಷೆಯನ್ನು ಹೊಸ ಬ್ಲೇಡ್ ಹಾಕಿಯೇ ಮಾಡಿ.

ಕೇಬಲ್ ವಿಷಯದಲ್ಲಿ ಮೋಸ ಹೋಗುವವರು ಬಹಳ. 1500 ವ್ಯಾಟ್ ಮೋಟರ್ 230 ವೋಲ್ಟಿನಲ್ಲಿ 6.5 ಆಂಪಿಯರ್ ಎಳೆಯುತ್ತದೆ. 0.75 ಚ.ಮಿ.ಮೀ. ತಾಮ್ರದ ತಂತಿಯ 50 ಮೀಟರ್ ಎಕ್ಸ್‌ಟೆನ್ಶನ್ ಎಂದರೆ ಹೋಗಿ ಬರುವ ದಾರಿ 100 ಮೀಟರ್, ಸುಮಾರು 2.3 ಓಮ್, ಓಡುವಾಗಲೇ 15 ವೋಲ್ಟ್ ನಷ್ಟ. ಸಾಫ್ಟ್ ಸ್ಟಾರ್ಟ್ (ನಿಧಾನಕ್ಕೆ ವೇಗ ಏರಿಸುವ ವ್ಯವಸ್ಥೆ) ಇಲ್ಲದ ಮೋಟರ್ ಶುರುವಾಗುವಾಗ ಇದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆ ಕ್ಷಣ ವೋಲ್ಟೇಜ್ ಕುಸಿದು ಬ್ಲೇಡ್ ತೂಕಡಿಸುತ್ತದೆ. ಅವಸರದಲ್ಲಿ ತೂಕಡಿಸುವ ಬ್ಲೇಡನ್ನೇ ಮರಕ್ಕೆ ಇಳಿಸಿದರೆ ಸಿಕ್ಕಿಕೊಳ್ಳುತ್ತದೆ, ಮೋಟರ್ ಬಿಸಿಯಾಗುತ್ತದೆ. 2.5 ಚ.ಮಿ.ಮೀ. ತಂತಿ ಬಳಸಿ, ಡ್ರಮ್ಮಿನಿಂದ ಪೂರ್ತಿ ಬಿಚ್ಚಿ.

ಒಯ್ಯುವಾಗ ತಲೆ ಕೆಳಗಿಳಿಸಿ ಪಿನ್ ಹಾಕಿ, ರಾಡ್ ಲಾಕ್ ಮಾಡಿ, ಮೈಟರ್ ಬಿಗಿ ಮಾಡಿ, ಸಾಗಿಸುವ ಹಿಡಿಯನ್ನೇ ಹಿಡಿದು ಎತ್ತಿ, ಸ್ವಿಚ್ ಇರುವ ಹಿಡಿಯನ್ನಲ್ಲ. ಗಾಡಿಯಲ್ಲಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ರಾಡಿನ ಮೇಲೆ ಬೀಳುತ್ತದೆ.

ಅಗಲದ ಹಲಗೆ ಅಪರೂಪ, ದಿನದ ಕೆಲಸ 140 ಮಿ.ಮೀ. ಒಳಗಿನ ಪಟ್ಟಿಗಳದೇ ಎನ್ನುವವರಿಗೆ ಸ್ಲೈಡ್ ಇಲ್ಲದ 254 ಮಿ.ಮೀ. ಮೈಟರ್ ಸಾ ಲೇಸು. 11ರಿಂದ 16 ಕೆ.ಜಿ. ಒಳಗೆ ಸಿಗುತ್ತದೆ, ರಾಡೇ ಇಲ್ಲದ ಮೇಲೆ ರಾಡಿನ ಸಡಿಲವೂ ಇಲ್ಲ. ಅಗಲದ ಹಲಗೆಗೆ ಗೈಡ್ ರೈಲಿನ ಮೇಲೆ ಓಡುವ ಸರ್ಕ್ಯುಲರ್ ಸಾ ಇದ್ದರೆ ಸಾಕು. ಸ್ಲೈಡಿಂಗ್ ಬೇಕೇ ಬೇಕು ಎಂದರೆ 12 ಕೆ.ಜಿ. ಹಿಂದೆ ಬೀಳದೆ 15–17 ಕೆ.ಜಿ. ಮೆಷಿನ್‌ಗಳನ್ನು ಅಲುಗಿಸಿ ನೋಡಿ ಆರಿಸಿ.

ಈಗಾಗಲೇ ಕೊಂಡು ಸಿಕ್ಕಿಬಿದ್ದಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಮೇಲಿನ ಎರಡೂ ಪರೀಕ್ಷೆ ಮಾಡಿ, ಕೊಯ್ದ ತುಂಡುಗಳ ಮೇಲೆ ಕ್ರಮಸಂಖ್ಯೆ, ಸಂದಿನ ಅಳತೆ ಬರೆದಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ ‘ಓರೆ ಕತ್ತರಿಸುತ್ತದೆ’ ಎಂದಷ್ಟೇ ಹೇಳಿದರೆ ಫೆನ್ಸನ್ನು ಮೂಲೆಮಟ್ಟಕ್ಕೆ ಹೊಂದಿಸಿ, ಸರಿಯಾಗಿದೆ ಎಂದು ವಾಪಸ್ ಕಳಿಸುತ್ತಾರೆ. ‘ತಲೆ ಪೂರ್ತಿ ಮುಂದಿರುವಾಗ ಪಕ್ಕಕ್ಕೆ ಇಷ್ಟು ಸರಿಯುತ್ತದೆ, ಒಂದೇ ಸೆಟ್ಟಿಂಗಿನಲ್ಲಿ ಐದು ಕೊಯ್ತಕ್ಕೆ ಐದು ಅಳತೆ’ ಎಂದು ತುಂಡುಗಳ ಸಮೇತ ಬರಹದಲ್ಲಿ ಕೊಡಿ.