ಕ್ಯಾಲಿಬರ್: ಕಾಸಿಲ್ಲದೆ ಸಿಗುವ ಲೈಬ್ರರಿಯನ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಪುಸ್ತಕ ಇಡೋಕೆ ಜಾಗ ಮುಗಿದು ಬಹಳ ಕಾಲವಾಯಿತು. ಲ್ಯಾಪ್‌ಟಾಪ್‌ನಲ್ಲೂ ಅದೇ ಗತಿ: ಇ-ಪುಸ್ತಕಗಳ ಇಪಬ್, ಮೋಬಿ, ಪಿಡಿಎಫ್ ಫೈಲುಗಳೆಲ್ಲಾ ಕಲಸುಮೇಲೋಗರ. ಈಗ ಅವನ್ನೆಲ್ಲ ನೋಡಿಕೊಳ್ಳುವುದು ಕ್ಯಾಲಿಬರ್. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಓಪನ್ ಸೋರ್ಸ್ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಇಪಬ್‌ನಿಂದ ಕಿಂಡಲ್‌ನ ಎಝಡ್‌ಡಬ್ಲ್ಯೂ3 ಮಾದರಿಗೆ ಬದಲಾಯಿಸುವುದು ಸಲೀಸು. ಪಿಡಿಎಫ್ ಮಾತ್ರ ತಲೆನೋವು. ಸಾಲುಗಳು ಎಲ್ಲೆಲ್ಲೋ ಮುರಿಯುತ್ತವೆ, ಪುಟಸಂಖ್ಯೆ ಕಥೆಯ ಮಧ್ಯೆ ಬಂದು ಕೂರುತ್ತದೆ. ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಮಾಡಿದ ಕನ್ನಡ ಪಿಡಿಎಫ್ ಆದರಂತೂ ಮುಗೀತು, ಒತ್ತಕ್ಷರದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಜಾತ್ರೆ! ಅದು ಕ್ಯಾಲಿಬರ್ ತಪ್ಪಲ್ಲ ಬಿಡಿ, ಫೈಲೇ ಹಾಗಿರುತ್ತದೆ.

ಇನ್ನೊಂದು ಕಿರಿಕಿರಿ: ಲೇಖಕರ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತಂದು ಪಟ್ಟಿ ಜೋಡಿಸುತ್ತದೆ. ಊರು, ಇನಿಷಿಯಲ್ ಮುಂದಿಟ್ಟುಕೊಳ್ಳುವ ನಮ್ಮವರಿಗೆ ಇದು ಒಗ್ಗುವುದಿಲ್ಲ. ಪ್ರಿಫರೆನ್ಸಸ್‌ನೊಳಗಿನ ಟ್ವೀಕ್ಸ್‌ನಲ್ಲಿ ಬದಲಾಯಿಸಬಹುದು, ಆದರೆ ಅಲ್ಲಿಗೆ ಯಾರು ಹೋಗ್ತಾರೆ ಅಲ್ವಾ? ಕನ್ನಡ ಪುಸ್ತಕಗಳ ಮುಖಪುಟ, ವಿವರ ಹುಡುಕಿಸಿದರೆ ಎಷ್ಟೋ ಸಲ ಬರಿಗೈ. ನಾನೇ ಟೈಪ್ ಮಾಡುತ್ತೇನೆ.

ನನಗೆ ಬಹಳ ಇಷ್ಟವಾದದ್ದು ಕಂಟೆಂಟ್ ಸರ್ವರ್. ಆನ್ ಮಾಡಿದರೆ ಸಾಕು, ಅದೇ ವೈಫೈನಲ್ಲಿರುವ ಮೊಬೈಲ್ ಬ್ರೌಸರ್‌ನಲ್ಲಿ ಇಡೀ ಸಂಗ್ರಹ ತೆರೆದುಕೊಳ್ಳುತ್ತದೆ. ಅಮ್ಮ ಅಡುಗೆಮನೆಯಲ್ಲೇ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ, ಕುಕ್ಕರ್ ಕೂಗಿದ್ದೂ ಕೇಳಿಸಲ್ಲ.

ನೋಡೋಕೆ ಹಳೇ ಕಾಲದ್ದು, ಬಟನ್‌ಗಳು ಜಾಸ್ತಿ. ಆದರೂ ಹಾಕಿಕೊಳ್ಳಿ. ಕೈಲಾದರೆ ದೇಣಿಗೆಯನ್ನೂ ಕೊಡಿ.